ಹದಿನೇಳನೇ ವ್ಯಾಗನ್ನಿನ ಹುಂಜ

ಜೂನ್ 4

ಕಿಡಿ,

ಇನ್ನು ಮುಂದೆ ನಮಗೆ ಕಾಗದವೇ ಗತಿ. ಫೋನಿನ ಸಹವಾಸ ಸಾಕಾಯಿತು. ಮೂವತ್ತೈದು ವರ್ಷ ಗಣಿಯ ಯಂತ್ರಗಳ ಪಕ್ಕ ನಿಂತ ಕಿವಿ ನನ್ನದು. ನೀನು ಹೇಳಿದ್ದು ನನಗೊಬ್ಬನಿಗೆ ಕೇಳಿಸುವುದಿಲ್ಲ, ನಾನು ಹೇಳಿದ್ದು ಇಡೀ ಕಾಲೊನಿಗೆ ಕೇಳಿಸುತ್ತದೆ. ಮೊನ್ನೆ ನಿನ್ನ ಕ್ವಾರ್ಟರ್ಸಿನಲ್ಲಿ ತಿಗಣೆ ಇದೆಯಾ ಎಂದು ಕೇಳಿದೆನಲ್ಲ, ಮರುದಿನ ಬೆಳಿಗ್ಗೆ ಎದುರು ಮನೆಯಾಕೆ ಬಂದು ನಿನ್ನ ಅಮ್ಮನ ಕೈಗೆ ತಿಗಣೆ ಪುಡಿ ಕೊಟ್ಟು ಹೋದಳು. ತಿಗಣೆ ನಮ್ಮ ಮನೆಯಲ್ಲೇ ಎಂದು ಈಗ ಬೀದಿಯೆಲ್ಲ ಸುದ್ದಿ. ನಿನ್ನ ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಬಂದ ಲಾಭ ಅದೊಂದೇ.

ಈ ಕಾಗದ ಗಾರ್ಡ್ ಕೈಯಲ್ಲಿ ಬರುತ್ತಿದೆ. ನಮ್ಮ ಗಣಿಯಲ್ಲಿ ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿ ನೇರ ನಿಮ್ಮ ವಿದ್ಯುತ್ ಕೇಂದ್ರದ ಗೇಟಿಗೇ ಬಂದು ನಿಲ್ಲುತ್ತದೆ, ಒಂದು ಹಗಲು ಒಂದು ರಾತ್ರಿಯ ದಾರಿ. ಕೊನೆಯ ಡಬ್ಬಿಯಲ್ಲಿ ಕೂರುವ ಗಾರ್ಡ್ ನನ್ನ ಹಳೆಯ ಗೆಳೆಯ. ನಂಬಿಕಸ್ಥ, ಬಾಯಿ ಮಾತ್ರ ಸ್ವಲ್ಪ ಹೆಚ್ಚು.

ಅಗೆಯುವವರ ಮನೆಯಲ್ಲಿ ಹುಟ್ಟಿ ಉರಿಸುವವರ ಮನೆ ಸೇರಿದೆ ನೀನು. ಮೊದಲು ನನಗೆ ಬೇಜಾರಾಗಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ ಯೋಚಿಸಿದೆ. ಇಲ್ಲಿ ವ್ಯಾಗನ್ ತುಂಬಿಸುವ ಮೇಸ್ತ್ರಿ ನಾನು, ಅಲ್ಲಿ ಅದನ್ನು ಇಳಿಸಿಕೊಳ್ಳುವ ಇಂಜಿನಿಯರ್ ನೀನು. ಚಿಕ್ಕಂದಿನಲ್ಲಿ ನಿನ್ನ ತಟ್ಟೆಗೆ ಬಡಿಸಿದ ಹಾಗೇ ಆಯಿತು. ಅಕ್ಟೋಬರ್ ಕೊನೆಗೆ ನನಗೆ ನಿವೃತ್ತಿ. ಅಲ್ಲಿಯವರೆಗೆ ತಟ್ಟೆ ತುಂಬ ಬಡಿಸುತ್ತೇನೆ, ಉಣ್ಣು.

ನಿನ್ನ ಅಪ್ಪ

ಕಿಡಿ, ಹೊತ್ತು ಹೊತ್ತಿಗೆ ಊಟ ಮಾಡು. ತಿಗಣೆ ಪುಡಿ ಗಾರ್ಡ್ ಹತ್ತಿರ ಕೊಟ್ಟಿದ್ದೇನೆ. ಇಲ್ಲಿ ಇಟ್ಟುಕೊಂಡರೆ ಜನ ನಂಬಿಬಿಡುತ್ತಾರೆ. — ಅಮ್ಮ


ಜೂನ್ 19

ಅಪ್ಪನಿಗೆ ನಮಸ್ಕಾರ.

ನೀವು ಬಡಿಸಿದ ತಟ್ಟೆಯಲ್ಲಿ ಕಲ್ಲು ಸಿಕ್ಕಿತು.

ಸಿಟ್ಟು ಮಾಡಿಕೊಳ್ಳದೆ ಮುಂದೆ ಓದಿ. ಬಂದ ಪ್ರತಿ ಗಾಡಿಯಿಂದ ಅಲ್ಲಲ್ಲಿ ಕಲ್ಲಿದ್ದಲು ತೆಗೆದು, ಅದರಲ್ಲಿ ಕಲ್ಲೆಷ್ಟು, ಮಣ್ಣೆಷ್ಟು, ತೇವ ಎಷ್ಟು ಎಂದು ಬರೆಯುವುದು ನನ್ನ ಕೆಲಸದ ಒಂದು ಭಾಗ. ಹೋದ ವಾರದ ಮೂರೂ ಗಾಡಿಗಳಲ್ಲಿ ಕಲ್ಲು. ಬಾಯ್ಲರಿಗೆ ಕಲ್ಲು ಹಾಕಿದರೆ ಅದು ಉರಿಯುವುದಿಲ್ಲ ಅಪ್ಪ, ಸುಮ್ಮನೆ ಬಿಸಿಯಾಗಿ ಕೂತಿರುತ್ತದೆ, ನಮ್ಮ ಸಾಹೇಬರ ಹಾಗೆ.

ನಮ್ಮ ಸಾಹೇಬರನ್ನು ಇಲ್ಲಿ ಎಲ್ಲರೂ ಹಿಂದಿನಿಂದ ಕನ್ನಡಕದವರು ಎನ್ನುತ್ತಾರೆ. ಅವರ ಬಳಿ ಎರಡು ಕನ್ನಡಕ. ಒಂದು ಕಾಗದ ನೋಡಲು, ಇನ್ನೊಂದು ಮನುಷ್ಯರನ್ನು ನೋಡಲು. ನನಗಿನ್ನೂ ಆರು ತಿಂಗಳ ಪರೀಕ್ಷಾ ಅವಧಿ. ಹಾಗಾಗಿ ಎರಡನೇ ಕನ್ನಡಕ ನನ್ನ ಕಡೆ ತಿರುಗಿಲ್ಲ. ಮೊನ್ನೆ ಕಲ್ಲಿನ ವರದಿ ಕೊಟ್ಟಾಗ ಕಾಗದ ನೋಡುತ್ತಲೇ, "ಈ ಗಣಿ ಯಾರದಮ್ಮಾ?" ಅಂದರು. "ನಮ್ಮಪ್ಪಂದು ಸರ್" ಅಂದುಬಿಟ್ಟೆ.

ನಿಮಗೆ ನಂಬಿಕೆ ಬರಲೆಂದು ಒಂದು ಕಲ್ಲನ್ನು ಗಾರ್ಡ್ ಕೈಯಲ್ಲಿ ಕಳಿಸಿದ್ದೇನೆ. ತಾರೀಖು, ವ್ಯಾಗನ್ ನಂಬರ್ ಎರಡೂ ಅದರ ಮೇಲೆ ಬರೆದಿದೆ.

ನಿಮ್ಮ ಕಿಡಿ


ಜುಲೈ 2

ಇಂಜಿನಿಯರ್ ಅಮ್ಮಾವ್ರಿಗೆ,

ಹೆತ್ತ ಮಗಳು ಅಪ್ಪನಿಗೆ ಕಲ್ಲು ಹೊಡೆದಳು ಎಂದು ಯಾರಾದರೂ ಕೇಳಿದ್ದಾರೆಯೇ? ಅದೂ ನಂಬರ್ ಬರೆದು ಹೊಡೆದಳು ಎಂದು? ಗಾರ್ಡ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನ ಇಡೀ ಗ್ಯಾಂಗಿನ ಎದುರು ತಂದು, "ತಗೊಳ್ಳಪ್ಪಾ, ನಿನ್ ಮಗಳು ಮೊದಲ್ನೇ ಸಂಬಳದಲ್ಲಿ ಕಳಿಸಿದ್ದಾಳೆ" ಅಂದ. ನನ್ನ ಕೈಕೆಳಗಿನ ಹನ್ನೆರಡು ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇನ್ನೇನು ಮಾಡಲಿ?

ಆ ಕಲ್ಲು ನನ್ನದಲ್ಲ. ನಮ್ಮ ಗಣಿಯ ಕಲ್ಲು ನನಗೆ ಗೊತ್ತಿಲ್ಲವೇ? ಅದು ಬೂದು ಬಣ್ಣ, ಇದು ಕಂದು. ದಾರಿಯಲ್ಲಿ ಎಲ್ಲಿಂದಲೋ ಹತ್ತಿಕೊಂಡಿದೆ. ವಾಪಸ್ ಕಳಿಸಿದ್ದೇನೆ. ನಿನ್ನ ಸಾಹೇಬರ ಮೇಜಿನ ಮೇಲೆ ಇಟ್ಟು, ಎರಡನೇ ಕನ್ನಡಕ ಹಾಕಿಕೊಂಡು ನೋಡಲು ಹೇಳು.

ನಿನ್ನ ಅಪ್ಪ (ಮೂವತ್ತೈದು ವರ್ಷ ಸೇವೆ, ಒಂದೂ ದೂರಿಲ್ಲ, ಈವರೆಗೆ)

ಕಿಡಿ, ಕಲ್ಲು ಚೆನ್ನಾಗಿತ್ತು. ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆ, ಒತ್ತು ಕೊಡಲು ಸರಿಹೋಗುತ್ತಿತ್ತು. ಇವರು ಹಟ ಮಾಡಿ ಕಳಿಸಿದರು. ನಿನಗೆ ಬೇಡವಾದರೆ ನನಗೆ ಕಳಿಸು. ಇನ್ನೊಂದು ವಿಷಯ. ಒಂದು ವಾರದಿಂದ ನಿನ್ನ ಅಪ್ಪ ಊಟಕ್ಕೆ ತಡವಾಗಿ ಬರುತ್ತಿದ್ದಾರೆ. ನಿಮ್ಮ ಕೇಂದ್ರಕ್ಕೆ ಹೋಗುವ ಗಾಡಿಯಾದರೆ ಸಾಕು, ತಾವೇ ನಿಂತು ಕಲ್ಲು ಆರಿಸಿ ಆಚೆ ಎಸೆಯುತ್ತಾರಂತೆ. ಅಕ್ಕಿ ಆರಿಸು ಎಂದರೆ ಒಂದು ದಿನ ಕೂತವರಲ್ಲ. ನಾನು ಹೇಳಿದೆನೆಂದು ಹೇಳಬೇಡ. — ಅಮ್ಮ


ಜುಲೈ 24

ಅಪ್ಪನಿಗೆ ನಮಸ್ಕಾರ.

ಕಲ್ಲು ತಲುಪಿತು. ಗಾರ್ಡ್ ಮಾವ ಅದನ್ನು ನನ್ನ ಕಾಲ ಬಳಿ ದೊಪ್ಪೆಂದು ಹಾಕಿ, "ಅಪ್ಪ ಮಗಳ ಜಗಳಕ್ಕೆ ನನ್ ಸೊಂಟ ಹೋಯ್ತು. ಇನ್ಮೇಲೆ ಕಾಗದ ಬಿಟ್ರೆ ಬೇರೆ ಏನು ಕೊಟ್ರೂ ನಾನ್ ಮುಟ್ಟಲ್ಲ" ಎಂದು ಹೇಳಿ ಹೋದರು. ಅಮ್ಮನಿಗೆ ಕಳಿಸೋಣ ಎಂದರೂ ಈಗ ಹೊರುವವರಿಲ್ಲ. ಸದ್ಯಕ್ಕೆ ನನ್ನ ಮೇಜಿನ ಮೇಲೆ ಫೈಲುಗಳು ಹಾರದ ಹಾಗೆ ಕೂತಿದೆ.

ಹೋದ ನಾಲ್ಕು ಗಾಡಿಗಳಲ್ಲಿ ಕಲ್ಲು ಇಲ್ಲವೆನ್ನುವಷ್ಟು ಕಡಿಮೆ. ಹೇಗಾಯಿತೋ ಗೊತ್ತಿಲ್ಲ. ಯಾರು ಮಾಡಿದರೋ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನನ್ನ ಕಷ್ಟ ಬೇರೆ. ಇಷ್ಟು ಊರುಗಳಿಗೆ ದೀಪ ಕೊಡುವ ನಮ್ಮ ಕ್ವಾರ್ಟರ್ಸಿನಲ್ಲಿ ಬೆಳಿಗ್ಗೆ ಆರಕ್ಕೆ ಸರಿಯಾಗಿ ಕರೆಂಟ್ ಹೋಗುತ್ತದೆ. ದೀಪದ ಬುಡದಲ್ಲೇ ಕತ್ತಲೆ. ನಮ್ಮ ಸಾಲಿನ ಟ್ರಾನ್ಸ್‌ಫಾರ್ಮರ್ ಹಳೆಯದು, ಎಲ್ಲರೂ ಒಟ್ಟಿಗೆ ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ಮಲಗಿಬಿಡುತ್ತದೆ. ನಿನ್ನೆ ಮುದುಡಿದ ಯೂನಿಫಾರ್ಮಿನಲ್ಲೇ ಹೋದೆ. ಕನ್ನಡಕದವರು ಮೊದಲ ಬಾರಿ ಎರಡನೇ ಕನ್ನಡಕ ಹಾಕಿಕೊಂಡರು. ನನ್ನ ಕಾಲರ್ ನೋಡಿ ಮತ್ತೆ ತೆಗೆದರು.

ನಿಮ್ಮ ಕಿಡಿ


ಆಗಸ್ಟ್ 7

ಕಿಡಿ,

ಕರೆಂಟನ್ನು ನಂಬಿ ಕೂತರೆ ಆಗುವುದೇ ಹೀಗೆ. ತಾತನ ಇಸ್ತ್ರಿ ಪೆಟ್ಟಿಗೆ ಕಳಿಸುತ್ತಿದ್ದೇನೆ. ಅದೇ, ಒಳಗೆ ಕೆಂಡ ಹಾಕುವುದು, ಮುಚ್ಚಳದ ಚಿಲಕದ ಮೇಲೆ ಪುಟ್ಟ ಹುಂಜದ ಗೊಂಬೆ ಇರುವುದು. ನೀನು ನಾಲ್ಕು ವರ್ಷದವಳಿದ್ದಾಗ ಆ ಹುಂಜಕ್ಕೆ ಅನ್ನ ತಿನ್ನಿಸಲು ಹೋಗಿ ಬೆರಳು ಸುಟ್ಟುಕೊಂಡಿದ್ದೆ. ನಿಮ್ಮ ಇಡೀ ಕೇಂದ್ರವೇ ನಿಂತರೂ ಇದು ನಿಲ್ಲುವುದಿಲ್ಲ.

ಬಸ್ಸಿನಲ್ಲಿ ಕಳಿಸಿ ಎಂದು ನಿನ್ನ ಅಮ್ಮ ಹೇಳಿದಳು. ಬಸ್ಸಿನವರು ಎತ್ತಿ ಎಸೆಯುತ್ತಾರೆ. ಗಾರ್ಡಿಗೆ ಕೊಡೋಣವೆಂದರೆ ಕಲ್ಲು ಹೊತ್ತ ಸಿಟ್ಟು ಅವನಿಗೆ ಇನ್ನೂ ಇಳಿದಿಲ್ಲ. ಅದಕ್ಕೆ ನಮ್ಮ ಹಳೆಯ ಪದ್ಧತಿಯೇ ಸರಿ ಎಂದು ವ್ಯಾಗನ್ನಿನಲ್ಲಿ ಇಟ್ಟಿದ್ದೇನೆ. ಹದಿನೇಳನೇ ವ್ಯಾಗನ್, ಎಡಮೂಲೆ, ಗೋಣಿಚೀಲದಲ್ಲಿ ಸುತ್ತಿದೆ. ವ್ಯಾಗನ್ನಿನ ಹೊರಗೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದಿದ್ದೇನೆ. ವೃತ್ತ ಕಂಡರೆ ಒಳಗೆ ಯಾರದೋ ಮನೆಯ ಸಾಮಾನಿದೆ ಎಂದು ಅರ್ಥ. ಇಳಿಸುವವರು ಆ ಮೂಲೆಯಲ್ಲಿ ಸಲಿಕೆ ಮೆಲ್ಲಗೆ ಹಾಕುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ ನಾನೇ ನಿಮ್ಮ ಕೇಂದ್ರಕ್ಕೆ ಬಂದು ನೋಡಿದ್ದೇನೆ. ಇನ್ನೂರು ಜನ ಸಲಿಕೆ ಬುಟ್ಟಿ ಹಿಡಿದು ನಿಂತಿದ್ದರು. ಆ ಕಾಲದಲ್ಲಿ ಹೀಗೆ ತೊಟ್ಟಿಲು ಕಳಿಸಿದ್ದೇವೆ, ಕನ್ನಡಿ ಕಳಿಸಿದ್ದೇವೆ. ಒಂದು ಗೀರೂ ಬಿದ್ದಿಲ್ಲ.

ನಾಳೆ ಸಂಜೆ ಕ್ಲಬ್ಬಿನಲ್ಲಿ ನಮ್ಮ ಗ್ಯಾಂಗಿಗೆ ಒಳ್ಳೆಯ ಕೆಲಸಕ್ಕೆಂದು ಶೀಲ್ಡ್ ಕೊಡುತ್ತಾರೆ. ನಾನು ಮಾತಾಡಬೇಕು. ಮೈಕ್ ಮುಂದೆ ಜೀವಮಾನದಲ್ಲಿ ಮೊದಲ ಸಲ! ಎರಡು ತಿಂಗಳಿಂದ ಬಾಯಿಪಾಠ ಮಾಡಿದ್ದೇನೆ. ಮೊದಲ ಪದ "ಮಾನ್ಯರೇ". ಅದಾದ ಮೇಲೆ, "ಮೂವತ್ತೈದು ವರ್ಷದಲ್ಲಿ ನನ್ನ ವ್ಯಾಗನ್ನಿನಲ್ಲಿ ಕಲ್ಲಿದ್ದಲು ಬಿಟ್ಟು ಬೇರೆ ಏನೂ ಹೋಗಿಲ್ಲ." ಇದನ್ನು ಓದಿ ತೋರಿಸಿದಾಗ ನಿನ್ನ ಅಮ್ಮ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದಳು. ಯಾಕೋ ತುಂಬ ಕೆಮ್ಮಿದಳು.

ನಿನ್ನ ಅಪ್ಪ


ಆಗಸ್ಟ್ 9

ಕಿಡಿ,

ನಿಮ್ಮವರ ಮನೆ ಹಾಳಾಗ!

ನಿನ್ನೆ ಸಂಜೆ ಹೊಸ ಶರ್ಟು ಹಾಕಿಕೊಂಡು ವೇದಿಕೆ ಹತ್ತಿದೆ. ಮುನ್ನೂರು ಜನ. ಮೈಕ್ ಹಿಡಿದೆ. "ಮಾನ್ಯರೇ" ಅಂದೆ. ಕರೆಂಟ್ ಹೋಯಿತು. ಈಗ ಬರುತ್ತದೆ, ಆಗ ಬರುತ್ತದೆ ಎಂದು ಕತ್ತಲಲ್ಲಿ ಅರ್ಧ ಗಂಟೆ ನಿಂತೆ. ಮೈಕಿಲ್ಲದೆ ಮಾತಾಡಲು ನನಗೇನು ಕಷ್ಟ, ಆದರೆ ಅಷ್ಟರಲ್ಲಿ ಜನ ಚಪ್ಪಲಿ ಹುಡುಕುತ್ತಿದ್ದರು. ಬಂದದ್ದು ಎರಡು ಗಂಟೆಯ ನಂತರ. ಆಗ ಅಲ್ಲಿದ್ದದ್ದು ನಾನು, ಶೀಲ್ಡ್, ಮತ್ತು ಕುರ್ಚಿ ಎಣಿಸುವವನು.

ಬೆಳಿಗ್ಗೆಯಿಂದ ಇಡೀ ಗಣಿ ನನ್ನನ್ನು "ಮಾನ್ಯರೇ" ಎಂದೇ ಕರೆಯುತ್ತಿದೆ. ನಿಮ್ಮ ಕೇಂದ್ರವೇ ನಿಂತಿತ್ತಂತೆ. ಯಾವ ತಲೆಕೆಟ್ಟವನು ಇದಕ್ಕೆ ಕಾರಣ, ನನಗೆ ಬರೆದು ತಿಳಿಸು. ನಾನು ಸುಮ್ಮನೆ ಕೂರುವವನಲ್ಲ. ನಿಮ್ಮ ಮುಖ್ಯ ಇಂಜಿನಿಯರ್‌ಗೆ ದೂರು ಬರೆದಿದ್ದೇನೆ. ಇದೇ ಗಾಡಿಯಲ್ಲಿ ಬರುತ್ತಿದೆ.

ಇಸ್ತ್ರಿ ಪೆಟ್ಟಿಗೆ ಸಿಕ್ಕಿತೇ?

ನಿನ್ನ ಅಪ್ಪ


ಆಗಸ್ಟ್ 9

ಮುಖ್ಯ ಇಂಜಿನಿಯರ್ ಅವರಿಗೆ,

ಮಾನ್ಯರೇ,

ದಿನಾಂಕ 8ರ ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ತಮ್ಮ ಕೇಂದ್ರದಿಂದ ಬರುವ ವಿದ್ಯುತ್ ನಿಂತು, ಒಂದು ಮುಖ್ಯವಾದ ಭಾಷಣ ಮೊದಲ ಪದದಲ್ಲೇ ಕೊನೆಗೊಂಡಿತು. ಇದು ಯಾರೋ ಒಬ್ಬ ಬೇಜವಾಬ್ದಾರಿ ಮನುಷ್ಯನ ಕೆಲಸವೆಂಬುದರಲ್ಲಿ ನನಗೆ ಸಂಶಯವಿಲ್ಲ. ಅವನು ಎಷ್ಟೇ ಹಿರಿಯನಾಗಿರಲಿ, ಎಷ್ಟೇ ವರ್ಷ ಸೇವೆ ಮಾಡಿರಲಿ, ಮುಲಾಜು ನೋಡದೆ ಹುಡುಕಿ ಶಿಕ್ಷಿಸಬೇಕು. ಇಂಥವನಿಗೆ ಮನೆಯಲ್ಲಿ ಹೆಂಡತಿಯಾದರೂ ಬುದ್ಧಿ ಹೇಳಬೇಕಿತ್ತು.

ಇತಿ,
ಲೋಡಿಂಗ್ ಮೇಸ್ತ್ರಿ, ಕಲ್ಲಿದ್ದಲು ಗಣಿ


ಆಗಸ್ಟ್ 11

ಅಮ್ಮಾ,

ಇದು ನಿನಗೆ ಮಾತ್ರ. ಅಪ್ಪನಿಗೆ ತೋರಿಸಬೇಡ.

ಇಲ್ಲಿ ಈಗ ಸಲಿಕೆ ಹಿಡಿದವರು ಯಾರೂ ಇಲ್ಲ. ಹನ್ನೊಂದು ವರ್ಷವಾಯಿತಂತೆ. ಟಿಪ್ಲರ್ ಎಂಬ ಯಂತ್ರವಿದೆ. ನೀನು ಡಬ್ಬಿಯಿಂದ ಅಕ್ಕಿ ಸುರಿಯುವ ಹಾಗೆ ಅದು ಇಡೀ ವ್ಯಾಗನ್ನನ್ನೇ ಹಿಡಿದು ಬೋರಲು ಹಾಕುತ್ತದೆ. ಎರಡೇ ನಿಮಿಷ. ಸೀಮೆಸುಣ್ಣದ ವೃತ್ತ ನೋಡುವ ಕಣ್ಣು ಅದಕ್ಕಿಲ್ಲ. ನಾನು ಅಪ್ಪನಿಗೆ ಇದನ್ನು ಯಾವತ್ತೂ ಬರೆಯಲಿಲ್ಲ. ಅವರಿಗೆ ಗೊತ್ತೇ ಇರುತ್ತದೆ ಎಂದುಕೊಂಡೆ.

ಎಂಟನೇ ತಾರೀಖು ಬೆಳಿಗ್ಗೆ ತಾತನ ಪೆಟ್ಟಿಗೆ ಕಲ್ಲಿದ್ದಲಿನ ಜೊತೆ ಬೆಲ್ಟಿನ ಮೇಲೆ ಹೋಗಿದೆ. ದಾರಿಯಲ್ಲಿ ಕಬ್ಬಿಣ ಹಿಡಿಯುವ ಒಂದು ದೊಡ್ಡ ಅಯಸ್ಕಾಂತ ಇರಬೇಕಿತ್ತು. ಆ ವಾರ ಅದನ್ನು ರಿಪೇರಿಗೆ ಇಳಿಸಿದ್ದರು. ಪೆಟ್ಟಿಗೆ ನೇರ ಕ್ರಷರಿಗೆ ಬಿತ್ತು. ಕಲ್ಲಿದ್ದಲಿನ ಗಡ್ಡೆ ಪುಡಿ ಮಾಡುವ ಯಂತ್ರ ಅದು. ಅದರ ಎರಡು ಸುತ್ತಿಗೆ ಮುರಿದು, ಬೆಲ್ಟ್ ಹರಿದು, ಎಲ್ಲ ನಿಂತಿತು. ಬದಲಿಗಿದ್ದ ಇನ್ನೊಂದು ಬೆಲ್ಟಿನ ಲೈನನ್ನು ಮೊದಲೇ ರಿಪೇರಿಗೆ ಬಿಚ್ಚಿಟ್ಟಿದ್ದರು. ಮೇಲಿನ ಬಂಕರಿನಲ್ಲಿ ಕೂಡಿಟ್ಟ ಕಲ್ಲಿದ್ದಲು ಸಂಜೆಯವರೆಗೆ ಬಂತು. ಏಳು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಅಪ್ಪನ ಭಾಷಣವನ್ನು ನಿಲ್ಲಿಸಿದ್ದು ಅಪ್ಪನೇ ಅಮ್ಮ.

ಮಧ್ಯಾಹ್ನ ಕ್ರಷರ್ ಬಿಚ್ಚಿದಾಗ ಚಪ್ಪಟೆ ಕಬ್ಬಿಣ ಸಿಕ್ಕಿತು. ಹುಂಜಕ್ಕೆ ಮಾತ್ರ ಏನೂ ಆಗಿಲ್ಲ, ಜುಟ್ಟು ಸಹ ಮುಕ್ಕಾಗಿಲ್ಲ. ಫಿಟ್ಟರ್ ಅದನ್ನು ಎತ್ತಿ ಹಿಡಿದು, "ಯಾವ ಪುಣ್ಯಾತ್ಮ ಕೋಳಿ ಪಾರ್ಸೆಲ್ ಮಾಡಿದ್ದಾನ್ರಪ್ಪಾ?" ಅಂದ. ಎಲ್ಲರೂ ನಕ್ಕರು. ಆ ಹೊತ್ತಿಗೇ ಗಾರ್ಡ್ ಮಾವ ಬಂದು ಅಪ್ಪನ ಕಾಗದ ಕೊಟ್ಟರು. ಒಂದು ಕೈಯಲ್ಲಿ ಹುಂಜ, ಇನ್ನೊಂದು ಕೈಯಲ್ಲಿ "ನಿಮ್ಮ ಇಡೀ ಕೇಂದ್ರವೇ ನಿಂತರೂ ಇದು ನಿಲ್ಲುವುದಿಲ್ಲ" ಎಂಬ ಸಾಲು. ನನಗೆ ನಗು ಬಂತು, ಆದರೆ ಯಾರೂ ನೋಡುವ ಮೊದಲು ಕಾಗದ ಮಡಚಿ ಜೇಬಿಗೆ ತುರುಕಿಕೊಂಡೆ.

ಇವತ್ತು ಅಪ್ಪನ ದೂರು ಮುಖ್ಯ ಇಂಜಿನಿಯರ್ ಕೈ ಸೇರಿ, ಅಲ್ಲಿಂದ ನಮ್ಮ ಸಾಹೇಬರಿಗೆ ಬಂದಿದೆ. ಕನ್ನಡಕದವರು ಅದನ್ನು ನನ್ನ ಮುಂದೆ ಇಟ್ಟು, "ವಿಚಾರಣೆ ನೀವೇ ಮಾಡಿ. ಹದಿನೆಂಟಕ್ಕೆ ವರದಿ ಕೊಡಿ. ನಿಮ್ಮ ಕೈ ಹೇಗಿದೆ ನೋಡೋಣ" ಅಂದರು. ಮೇಸ್ತ್ರಿ ನನ್ನ ಅಪ್ಪ ಎಂದು ಅವರಿಗೆ ನೆನಪಿದ್ದಂತಿಲ್ಲ. ಅವತ್ತು ಕಾಗದದ ಕನ್ನಡಕದಲ್ಲಿದ್ದರು.

ಪೆಟ್ಟಿಗೆ ಯಾರದೆಂದು ನನ್ನೊಬ್ಬಳಿಗೇ ಗೊತ್ತು. "ಗುರುತು ಸಿಗಲಿಲ್ಲ" ಎಂದು ಬರೆದರೆ ಯಾರೂ ಕೇಳುವುದಿಲ್ಲ. ನಿಜ ಬರೆದರೆ ನಿವೃತ್ತಿಗೆ ಎರಡೂವರೆ ತಿಂಗಳಿರುವಾಗ ಅಪ್ಪನ ಮೂವತ್ತೈದು ವರ್ಷದ ಸೇವಾ ಪುಸ್ತಕಕ್ಕೆ ಮಸಿ ಬಳಿದವಳು ನಾನಾಗುತ್ತೇನೆ. ಏನು ಮಾಡಲಿ?

ಕಿಡಿ


ಆಗಸ್ಟ್ 14

ಕಿಡಿ,

ಅಪ್ಪನಿಗೆ ತೋರಿಸಬೇಡ ಎಂದೆ, ತೋರಿಸಲಿಲ್ಲ. ಆದರೆ ನಾನು ಕಾಗದ ಓದುವುದೇ ಬಾಯಿಬಿಟ್ಟು, ಅದು ನಿನಗೆ ಮರೆತುಹೋಯಿತೇ? ಅಡುಗೆಮನೆಯಲ್ಲಿ ಕೂತು ಓದುತ್ತಿದ್ದೆ. ಫೋನಿನಲ್ಲಿ ಒಂದಕ್ಷರ ಕೇಳಿಸದ ಕಿವಿಗೆ ಇದು ಮಾತ್ರ ಒಂದೂ ಬಿಡದೆ ಕೇಳಿಸಿದೆ. ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ನಿಂತಿದ್ದಾರೆ.

ಬೈಯಲಿಲ್ಲ. ಕೂಗಲಿಲ್ಲ. ಅದಕ್ಕೇ ನನಗೆ ಹೆದರಿಕೆ ಆಯಿತು. ಎರಡು ದಿನದಿಂದ ಭಾಷಣದ ಹಾಳೆ ಹಿಡಿದು ಕೂರುತ್ತಾರೆ. "ಬೇರೆ ಏನೂ ಹೋಗಿಲ್ಲ" ಎಂಬ ಸಾಲಿನ ಮೇಲೆ ಬೆರಳು ಇಟ್ಟುಕೊಂಡು ಇರುತ್ತಾರೆ. ನಿನ್ನೆ ಒಂದೇ ಮಾತು ಹೇಳಿದರು: "ಬರೆಯೋಳು ಅವಳು. ನೀನು ಅವಳಿಗೆ ಹೀಗೆ ಬರಿ, ಹಾಗೆ ಬರಿ ಅಂತ ಏನೂ ಹೇಳ್ಬೇಡ."

ಅದಕ್ಕೆ ನಾನು ಏನೂ ಹೇಳುವುದಿಲ್ಲ. ಹೊತ್ತಿಗೆ ಊಟ ಮಾಡು.

ಅಮ್ಮ


ಆಗಸ್ಟ್ 18

ಅಪ್ಪನಿಗೆ,

ನನ್ನ ವರದಿಯ ಪ್ರತಿ ಇದರ ಜೊತೆ ಇದೆ. ಇವತ್ತು ಬೆಳಿಗ್ಗೆ ಕೊಟ್ಟುಬಂದೆ. ಮೂರನೇ ಪುಟ ನೋಡಿ.

ಮೊದಲು "ಗುರುತು ಸಿಗಲಿಲ್ಲ" ಎಂದೇ ಬರೆದಿದ್ದೆ. ಎರಡು ಪದ, ಬರೆಯಲು ಏನೂ ಕಷ್ಟವಿಲ್ಲ. ಆಮೇಲೆ ಮೇಜಿನ ಮೇಲಿದ್ದ ನಮ್ಮ ಕಲ್ಲು ಕಣ್ಣಿಗೆ ಬಿತ್ತು. ನಿಮ್ಮ ಕಲ್ಲನ್ನು ನಂಬರ್ ಬರೆದು ತೋರಿಸಿದವಳು ನಿಮ್ಮ ಪೆಟ್ಟಿಗೆಯನ್ನು ಮುಚ್ಚಿಟ್ಟರೆ ಆ ಕಲ್ಲಿನ ವರದಿಗೂ ಬೆಲೆ ಇರುವುದಿಲ್ಲ ಅನ್ನಿಸಿತು. ಹಾಳೆ ಹರಿದೆ. ತುಂಬ ಅತ್ತೆ ಅಪ್ಪ. ಅಳುತ್ತಲೇ ಹೊಸದು ಬರೆದೆ. ಎರಡನೇ ಪುಟದಲ್ಲಿ ಮಸಿ ಕಲಸಿರುವುದು ಅದಕ್ಕೆ.

ಅಯಸ್ಕಾಂತ ಇಳಿಸಿದ್ದು ನಮ್ಮ ತಪ್ಪು, ಅದನ್ನೂ ಬರೆದಿದ್ದೇನೆ. ಟಿಪ್ಲರ್ ಬಂದದ್ದನ್ನು ಗಣಿಯವರಿಗೆ ಯಾರೂ ತಿಳಿಸಲಿಲ್ಲ, ಅದನ್ನೂ. ಕ್ಷಮಿಸಿ ಎಂದರೆ ಬರೆದದ್ದು ತಪ್ಪು ಎಂದ ಹಾಗಾಗುತ್ತದೆ. ಆದರೂ ಕ್ಷಮಿಸಿ.

ನಿಮ್ಮ ಕಿಡಿ


ಆಗಸ್ಟ್ 18

ಮುಖ್ಯ ಇಂಜಿನಿಯರ್ ಅವರಿಗೆ,

ಮಾನ್ಯರೇ,

ದಿನಾಂಕ 9ರ ನನ್ನ ದೂರಿನಲ್ಲಿ ಹೇಳಿದ ಬೇಜವಾಬ್ದಾರಿ ಮನುಷ್ಯ ಸಿಕ್ಕಿದ್ದಾನೆ. ಹುಡುಕುವ ಶ್ರಮ ತಮಗೆ ಬೇಡ. ಅವನು ನಾನೇ.

ಹದಿನೇಳನೇ ವ್ಯಾಗನ್ನಿನಲ್ಲಿ ಇಸ್ತ್ರಿ ಪೆಟ್ಟಿಗೆ ಇಟ್ಟವನು ನಾನು. ಈಗಲೂ ಸಲಿಕೆಯಲ್ಲೇ ಇಳಿಸುತ್ತಾರೆ ಎಂದು ತಿಳಿದಿದ್ದೆ. ತಿಳಿಯದಿದ್ದದ್ದೂ ನನ್ನ ತಪ್ಪೇ. ಎಷ್ಟೇ ವರ್ಷ ಸೇವೆ ಮಾಡಿರಲಿ ಮುಲಾಜು ನೋಡಬೇಡಿ ಎಂದು ಬರೆದಿದ್ದೆ. ಆ ಮಾತಿಗೆ ಈಗಲೂ ಬದ್ಧನಾಗಿದ್ದೇನೆ. ಹೆಂಡತಿ ಬುದ್ಧಿ ಹೇಳಬೇಕಿತ್ತು ಎಂದೂ ಬರೆದಿದ್ದೆ. ಅವಳು ಹೇಳಿದ್ದಳು, ಬಸ್ಸಿನಲ್ಲಿ ಕಳಿಸಿ ಎಂದು. ಅವಳ ಒತ್ತಾಯದ ಮೇರೆಗೆ ಈ ವಾಕ್ಯ ಸೇರಿಸಿದ್ದೇನೆ.

ಇತಿ,
ಲೋಡಿಂಗ್ ಮೇಸ್ತ್ರಿ, ಕಲ್ಲಿದ್ದಲು ಗಣಿ


ಆಗಸ್ಟ್ 20

ಕಿಡಿ,

ಮುಖ್ಯ ಇಂಜಿನಿಯರ್‌ಗೆ ಬರೆದದ್ದನ್ನು ಹದಿನೆಂಟರ ಬೆಳಿಗ್ಗೆ ಗಾರ್ಡ್ ಕೈಯಲ್ಲಿ ಕೊಟ್ಟು, ಗಾಡಿ ಅಲುಗಿದ ಮೇಲೆ ನನಗೆ ಹೊಳೆಯಿತು. ನೀನು ನನ್ನನ್ನು ಉಳಿಸಲು "ಗೊತ್ತಿಲ್ಲ" ಎಂದು ಬರೆದಿದ್ದರೆ? ನನ್ನ ನಿಜವೇ ನಿನ್ನನ್ನು ಸುಳ್ಳುಗಾತಿ ಮಾಡುತ್ತದಲ್ಲ! ಕಾಗದ ವಾಪಸ್ ಕೊಡು ಎಂದು ಗಾಡಿಯ ಹಿಂದೆ ಓಡಿದೆ. ಗಾರ್ಡ್ ನಾನು ಬೀಳ್ಕೊಡುತ್ತಿದ್ದೇನೆ ಎಂದುಕೊಂಡು ಹಸಿರು ಬಾವುಟ ಇನ್ನೂ ಜೋರಾಗಿ ಬೀಸಿದ. ಈ ವಯಸ್ಸಿನಲ್ಲಿ ಸಿಗ್ನಲ್ ಕಂಬದವರೆಗೆ ಓಡಿದ್ದೇನೆ, ನನ್ನ ಗ್ಯಾಂಗಿನ ಹನ್ನೆರಡು ಜನ ಸಾಕ್ಷಿ.

ಇವತ್ತು ನಿನ್ನ ಲಕೋಟೆ ಬಂತು. ಒಡೆಯದೆ ಅಂಗಳದಲ್ಲಿ ಎರಡು ಸುತ್ತು ಹಾಕಿದೆ. ನನ್ನನ್ನು ಬರೆದಿರುತ್ತೀಯೆ ಎಂಬ ಭಯವಲ್ಲ. ಬರೆದಿರುವುದಿಲ್ಲವೇನೋ ಎಂಬ ಭಯ. ಮೂರನೇ ಪುಟಕ್ಕೆ ಬಂದೆ. "ಇಟ್ಟವರು: ಗಣಿಯ ಲೋಡಿಂಗ್ ಮೇಸ್ತ್ರಿ. ಇವರು ಈ ವರದಿ ಬರೆದವಳ ತಂದೆ." ನಾಲ್ಕು ಸಲ ಓದಿದೆ. ನಿನ್ನ ಅಮ್ಮನಿಂದ ಬಾಯಿಬಿಟ್ಟು ಓದಿಸಿದೆ. ಶೀಲ್ಡ್ ಕೈಗೆ ಬಂದಾಗಲೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ ಮಗಳೇ. ಇನ್ನು ಏನಾದರೂ ಆಗಲಿ.

ಒಂದು ತಪ್ಪಿದೆ. ಪೆಟ್ಟಿಗೆಯ ತೂಕ ಐದು ಕಿಲೋ ಎಂದು ಬರೆದಿದ್ದೀಯೆ. ಆರೂವರೆ. ತೂಕ ಮಾಡದೆ ಬರೆಯಬಾರದು.

ನಿನ್ನ ಅಪ್ಪ

ಆ ಕಲ್ಲು ನಮ್ಮ ಗಣಿಯದೇ. ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ. ಮೊದಲೇ ಗೊತ್ತಿತ್ತು.


ಸೆಪ್ಟೆಂಬರ್ 5

ಲೋಡಿಂಗ್ ಮೇಸ್ತ್ರಿಯವರಿಗೆ,

ದೂರು ಕೊಟ್ಟವರೂ ತಪ್ಪು ಮಾಡಿದವರೂ ಒಬ್ಬರೇ ಆಗಿ, ವಿಚಾರಣೆ ಮಾಡಿದವರು ಅವರ ಮಗಳೇ ಆಗಿರುವ ಕಡತ ನನ್ನ ಸೇವೆಯಲ್ಲಿ ಇದೇ ಮೊದಲು. ಮಗಳು ಬರೆದ ವರದಿ ಎಂದು ಅನುಮಾನಿಸಬೇಕಿತ್ತು. ಅದು ತಂದೆಯನ್ನೇ ಹಿಡಿದುಕೊಟ್ಟಿರುವುದರಿಂದ ಹಾಗೇ ಒಪ್ಪಲಾಗಿದೆ. ಅಯಸ್ಕಾಂತದ ತಪ್ಪು ನಮ್ಮದು. ನಿಯಮದಂತೆ ಒಂದು ಪ್ರತಿಯನ್ನು ನಿಮ್ಮ ಗಣಿಯ ಆಡಳಿತಕ್ಕೆ ಕಳಿಸದೆ ವಿಧಿಯಿಲ್ಲ, ಅದಕ್ಕಾಗಿ ವಿಷಾದಿಸುತ್ತೇನೆ.

ಇತಿ,
ಮುಖ್ಯ ಇಂಜಿನಿಯರ್


ನವೆಂಬರ್ 2

ಕಿಡಿ,

ನಿವೃತ್ತಿ ಆಯಿತು. ಹೇಗಾಯಿತು ಎಂದು ನೀನು ಕೇಳುತ್ತೀಯೆ, ಅದಕ್ಕೆ ನಾನೇ ಬರೆಯುತ್ತೇನೆ.

ಸೇವಾ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಎಚ್ಚರಿಕೆ ಪತ್ರ ಸೇರಿಸಿದರು. ಎಚ್ಚರಿಕೆ ಪತ್ರ ಇರುವವರಿಗೆ ಕ್ಲಬ್ಬಿನಲ್ಲಿ ಬೀಳ್ಕೊಡುಗೆ ಇಲ್ಲವಂತೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಮಧ್ಯಾಹ್ನ ಮೂರಕ್ಕೆ ಆಫೀಸಿನ ಕಿಟಕಿಯಲ್ಲಿ ಹೆಲ್ಮೆಟ್ಟು, ಸೀಟಿ, ಟಾರ್ಚು ಕೊಟ್ಟು ಸಹಿ ಹಾಕಿದೆ. ಕಿಟಕಿಯವನು ಟಾರ್ಚ್ ಉರಿಯುತ್ತದಾ ಎಂದು ಎರಡು ಸಲ ಒತ್ತಿ ನೋಡಿದ. ಅಷ್ಟೇ.

ನನ್ನ ಗ್ಯಾಂಗಿನವರು ಗೇಟಿನ ತನಕ ಬಂದರು. "ಮಾನ್ಯರೇ, ಆಗಾಗ ಬರ್ತಾ ಇರಿ" ಅಂದರು. ನಗೆಯಾಡಿಕೊಂಡೇ ಬಂದೆ. ಮನೆಗೆ ಬಂದ ಮೇಲೆ ಶರ್ಟಿನ ಜೇಬಿನಲ್ಲಿ ಭಾಷಣದ ಹಾಳೆ ಸಿಕ್ಕಿತು. ಬೇಜಾರಾಗಲಿಲ್ಲ ಎಂದು ಬರೆದರೆ ನೀನು ಅದರಲ್ಲೂ ಕಲ್ಲು ಹುಡುಕುತ್ತೀಯೆ. ಬೇಜಾರಾಯಿತು. ಆದರೆ ನಿನ್ನ ಮೇಲಲ್ಲ. ಇದನ್ನು ಎರಡು ಸಲ ಓದು.

ಈಗ ನನಗೆ ಕೆಲಸವೇನೂ ಇಲ್ಲ. ನಿನ್ನ ಅಮ್ಮ ಅಕ್ಕಿ ಆರಿಸಲು ಕೊಡುತ್ತಾಳೆ.

ನಿನ್ನ ಅಪ್ಪ


ನವೆಂಬರ್ 10

ಅಪ್ಪನಿಗೆ ನಮಸ್ಕಾರ.

ಎರಡಲ್ಲ, ಹತ್ತು ಸಲ ಓದಿದೆ. ಈಗ ನೀವು ನಾನು ಹೇಳುವುದನ್ನು ಕೇಳಿ.

ಟಿಪ್ಲರ್ ನಡೆಸುವ ಕೋಣೆಯ ಗೋಡೆಗೆ ನಮ್ಮವರು ತಾತನ ಹುಂಜವನ್ನು ಮೊಳೆ ಹೊಡೆದು ಕೂರಿಸಿದ್ದಾರೆ. ಈಗ ಯಾವ ವ್ಯಾಗನ್ ಬಂದರೂ ಬೋರಲು ಹಾಕುವ ಮೊದಲು ಒಬ್ಬ ಸೀಮೆಸುಣ್ಣದ ವೃತ್ತ ಇದೆಯಾ ಎಂದು ಸುತ್ತ ನೋಡಿ ಬರಬೇಕು, ಇನ್ನೊಬ್ಬ "ಹುಂಜ ನೋಡಿದ್ಯಾ?" ಎಂದು ಕೂಗಬೇಕು, "ನೋಡ್ದೆ" ಎಂದ ಮೇಲೆಯೇ ಗುಂಡಿ ಒತ್ತಬೇಕು. ಇದನ್ನು ಕನ್ನಡಕದವರು ನಿಯಮದ ಪುಸ್ತಕದಲ್ಲೇ ಬರೆಸಿದ್ದಾರೆ. ಹೋದ ತಿಂಗಳು ಬೇರೊಂದು ಗಣಿಯ ಗಾಡಿಯಲ್ಲಿ ಹೀಗೆಯೇ ವೃತ್ತ ಸಿಕ್ಕಿತು. ಒಳಗೆ ಯಾರೋ ಮಗಳಿಗೆ ಕಳಿಸಿದ ಹೊಲಿಗೆ ಯಂತ್ರ. ಗೀರೂ ಬೀಳದ ಹಾಗೆ ಇಳಿಸಿ ಮನೆಗೆ ತಲುಪಿಸಿದೆವು.

ನಿಮ್ಮ ಕಾಗದ ಬಂದ ದಿನ ಮೇಜಿನ ಮೇಲೇ ಇತ್ತು. ನಾನು ಇಲ್ಲದಾಗ ಕನ್ನಡಕದವರು ಓದಿದ್ದಾರೆ. ಬೇರೆಯವರ ಕಾಗದ ಓದಬಾರದು ಎಂದು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವರು ಎರಡನೇ ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿ, "ನಿಮ್ಮ ತಂದೆಯವರನ್ನ ಕರೆಸಿ. ನಮ್ಮ ಹುಡುಗರಿಗೆ ವ್ಯಾಗನ್ ಬಗ್ಗೆ ನಾಲ್ಕು ಮಾತು ಹೇಳಲಿ" ಅಂದರು. ನನ್ನ ಪರೀಕ್ಷಾ ಅವಧಿ ಮುಗಿಸಿದ ಆದೇಶವನ್ನೂ ಆಗಲೇ ಕೊಟ್ಟರು.

ಇಪ್ಪತ್ತೊಂದನೇ ತಾರೀಖು ಸಂಜೆ ಏಳು ಗಂಟೆಗೆ, ನಮ್ಮ ಸಭಾಂಗಣದಲ್ಲಿ. ಇಳಿಸುವ ವಿಭಾಗದವರೆಲ್ಲ ಇರುತ್ತಾರೆ. ಅಮ್ಮನನ್ನೂ ಕರೆದುಕೊಂಡು ಬನ್ನಿ. ಬಸ್ಸಿನಲ್ಲಿ ಬನ್ನಿ, ದಯವಿಟ್ಟು ವ್ಯಾಗನ್ನಿನಲ್ಲಿ ಬೇಡ. ಅಮ್ಮ ಕೇಳಿದ ಬಾಗಿಲ ಒತ್ತಿನ ಕಲ್ಲನ್ನೂ ಆಮೇಲೆ ಗಾಡಿಯಲ್ಲಿ ಕಳಿಸುತ್ತೇನೆ. ಗಾರ್ಡ್ ಮಾವ ಒಪ್ಪಿದ್ದಾರೆ, ಇದೇ ಕೊನೆ ಎಂಬ ಷರತ್ತಿನ ಮೇಲೆ.

"ಬೇರೆ ಏನೂ ಹೋಗಿಲ್ಲ" ಎಂಬ ಸಾಲನ್ನು ಹೊಡೆದು ಹಾಕಬೇಡಿ ಅಪ್ಪ. "ತೊಟ್ಟಿಲು, ಕನ್ನಡಿ, ಕಲ್ಲು, ಒಂದು ಇಸ್ತ್ರಿ ಪೆಟ್ಟಿಗೆ ಬಿಟ್ಟು" ಎಂದು ಸೇರಿಸಿಕೊಳ್ಳಿ, ಸಾಕು. ಹೊಸ ಶರ್ಟು ಹಾಕಿಕೊಳ್ಳಿ, ಇಸ್ತ್ರಿ ನಾನು ಮಾಡಿಕೊಡುತ್ತೇನೆ. "ಮಾನ್ಯರೇ" ಎಂದು ಆಗಲೇ ಹೇಳಿದ್ದೀರಿ, ಮುಂದಿನದನ್ನು ನಿಧಾನವಾಗಿ, ಪೂರ್ತಿ ಹೇಳಿ.

ಆ ದಿನ ಸಂಜೆಯ ಪಾಳಿ ನಾನೇ ಕೇಳಿ ಹಾಕಿಸಿಕೊಂಡಿದ್ದೇನೆ. ನಿಮ್ಮ ಮಾತು ನನಗೆ ಧ್ವನಿವರ್ಧಕದಲ್ಲಿ ಟಿಪ್ಲರ್ ಹತ್ತಿರ ಕೇಳಿಸುತ್ತದೆ. ನೀವು ಮಾತಾಡಿ ಮುಗಿಸುವವರೆಗೆ ಕರೆಂಟಿನ ಜವಾಬ್ದಾರಿ ನನ್ನದು.

ನಿಮ್ಮ ಕಿಡಿ